ಉದುರದ ಕುಂಕುಮ

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಸರಸ್ವತಮ್ಮ ಹಗಲು ಹನ್ನೊಂದು ಗಂಟೆಗೆ ಅಂಗಡಿಯ ಬಾಗಿಲು ಮುಚ್ಚಿದರು. ಅದೂ ಒಳಗಿನಿಂದ ಚಿಲಕ ಹಾಕಿಕೊಂಡು.

ಪೊಳ್ಳಾಚಿ ಹತ್ತಿರದ ನೆಗಮಂನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ, ಮನೆಯೊಳಗೆ ಕನ್ನಡವಾಡುವ ನೇಕಾರರ ಬೀದಿ ಶುರುವಾಗುವ ಮೂಲೆಯಲ್ಲೇ ಆ ಅಂಗಡಿ. ಬೀದಿಯ ಹನ್ನೊಂದು ಮನೆಯವರು ನೇಯ್ದ ಹತ್ತಿ ಸೀರೆಗಳನ್ನು ಮಾರಿ ಅವರವರ ದುಡ್ಡು ಅವರವರಿಗೆ ಮುಟ್ಟಿಸುವುದು ಸರಸ್ವತಮ್ಮನ ಕೆಲಸ. ಯಾರೂ ಚೀಟಿ ಬರೆಸಿಕೊಂಡವರಲ್ಲ. ಅವರ ಸೊಂಟದಲ್ಲಿ ತೂಗುವ ಬೀಗದ ಕೈಯೇ ಬೀದಿಗೆ ನಂಬಿಕೆ.

ಬಾಗಿಲು ಮುಚ್ಚಿ ಅವರು ಕೊಯಮತ್ತೂರಿಗೆ ಫೋನ್ ಮಾಡಿದರು.

"ಪ್ರಿಯಾ, ಯಾರ ಹತ್ರಾನೂ ಹೇಳ್ಬೇಡ. ನೀನೊಬ್ಳೇ ಬಾ."

ಶ್ರೀಪ್ರಿಯಾ ಸರಸ್ವತಮ್ಮನ ಅಕ್ಕನ ಮಗಳು. ಕೊಯಮತ್ತೂರಿನ ಸೈಬರ್ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಅಮ್ಮ ಮಿಲ್ಲಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳೂ ಅವಳ ತಮ್ಮನೂ ಬೆಳೆದದ್ದು ಈ ಚಿಕ್ಕಮ್ಮನ ಮಡಿಲಲ್ಲೇ. ಒಂದೂವರೆ ಗಂಟೆಯಲ್ಲಿ ಅವಳು ಬಾಗಿಲು ತಟ್ಟಿದಳು.

ಚಿಕ್ಕಮ್ಮ ಪಾಸ್‌ಬುಕ್ ಮುಂದೆ ಚಾಚಿದರು. ದೀಪಾವಳಿಯ ವ್ಯಾಪಾರ ಜೋರಾಗಿ ನಡೆದಿತ್ತು. ಕಪಾಟು ಖಾಲಿ. ಪಾಸ್‌ಬುಕ್ಕೂ ಖಾಲಿ. ಆಯುಧ ಪೂಜೆಯ ಮೂರನೇ ದಿನದಿಂದ ಒಂದು ರೂಪಾಯಿ ಬಂದಿರಲಿಲ್ಲ.

"ಒಂದು ಲಕ್ಷದ ಎಂಬತ್ತಾರು ಸಾವಿರ. ಎಲ್ಲಾ ಆ ಕೋಡಲ್ಲೇ ಹಾಕ್ದೋರು. ಫೋನ್ ತೋರಿಸ್ತಾರೆ, ಹಸಿರು ಟಿಕ್ ಇರ್ತದೆ, ನಾನು ಆಯ್ತು ಅಂತೀನಿ."

"ಸ್ಪೀಕರ್ ಪೆಟ್ಟಿಗೆ ಕೊಟ್ಟಿದ್ರಲ್ಲ? ದುಡ್ಡು ಬಂದ್ರೆ ಕೂಗುತ್ತಲ್ಲ?"

ಸರಸ್ವತಮ್ಮ ಕಪಾಟಿನ ಕೆಳಗಿನ ಅರೆ ತೋರಿಸಿದರು. ಹಳೇ ಸೀರೆಯಲ್ಲಿ ಸುತ್ತಿದ ಪೆಟ್ಟಿಗೆ ಅಲ್ಲಿ ಮಲಗಿತ್ತು.

"ಒಬ್ಬರಿಗೆ ಐವತ್ತು ಬಿಟ್ಟು ಕೊಟ್ಟಿರ್ತೀನಿ. ಅದು ಬೀದಿಗೆಲ್ಲಾ ಕೇಳೋ ಹಂಗೆ ಕೂಗ್ತದೆ. ಪಕ್ಕದಲ್ಲಿ ಪೂರ್ತಿ ಕೊಟ್ಟೋರು ಮುಖ ಊದಿಸ್ಕೋತಾರೆ. ಅದ್ಕೇ ಸುತ್ತಿಟ್ಟೆ."

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ಸೋಮವಾರ."

"ಇವತ್ತು ಗುರುವಾರ, ಚಿಕ್ಕಮ್ಮ! ಅವತ್ತೇ ಸೈಬರ್ ಹೆಲ್ಪ್‌ಲೈನ್ ೧೯೩೦ಕ್ಕೆ ಫೋನ್ ಮಾಡಿದ್ರೆ ಉಳಿದದ್ದನ್ನಾದ್ರೂ ತಡೀಬಹುದಿತ್ತು."

"ಏನಂತ ಹೇಳ್ಲಿ ಅಮ್ಮುಣಿ? ಮುದುಕಿ ಏಮಾಂದ್ಲು, ಮೋಸಹೋದ್ಲು ಅಂತಾನಾ? ಇಲ್ಲಾ, ಮುದುಕಿನೇ ತಿಂದ್ಲು ಅಂತಾನಾ?" ಅವರ ದನಿ ಇಳಿಯಿತು. "ದುಡ್ಡು ಯಾಕೆ ಮುಟ್ಟಿಲ್ಲ ಅಂತ ಭಾನುವಾರ ಗುಡಿ ಮಂಟಪದಲ್ಲಿ ಕೂಟ ಕರ್ದಿದಾರೆ. ಬೀಗದ ಕೈ ಕೇಳ್ತಾರೆ."

ಶ್ರೀಪ್ರಿಯಾ ಮೇಜಿನ ಮೇಲಿದ್ದ ಕ್ಯೂಆರ್ ಕೋಡಿನ ಸ್ಟ್ಯಾಂಡ್ ಎತ್ತಿಕೊಂಡಳು. ಅಂಚಿನಲ್ಲಿ ಉಗುರು ಹಾಕಿದಳು. ಉಗುರು ಸಿಕ್ಕಿಕೊಂಡಿತು. ಮೆಲ್ಲಗೆ ಎಳೆದಳು. ಮೇಲಿನ ಸ್ಟಿಕ್ಕರ್ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಂತು. ಕೆಳಗೆ ಇನ್ನೊಂದು ಕೋಡ್. ಅದು ಅಸಲಿ.

ಇಷ್ಟು ಅವಳು ಎಷ್ಟೋ ಅಂಗಡಿಯಲ್ಲಿ ಕಂಡಿದ್ದಳು. ಕಾಣದೇ ಇದ್ದದ್ದು ಬೇರೆ. ಕೆಳಗಿನ ಕೋಡಿನ ನೆತ್ತಿಯಲ್ಲಿ ಗಂಧ ಕುಂಕುಮದ ಬೊಟ್ಟು. ಮೇಲಿನ ಸ್ಟಿಕ್ಕರಿನ ನೆತ್ತಿಯಲ್ಲೂ, ಅದೇ ಜಾಗದಲ್ಲಿ, ಗಂಧ ಕುಂಕುಮದ ಬೊಟ್ಟು.

ಆ ಬೊಟ್ಟು ಇಡಿಸಿದವಳು ಅವಳೇ.

* * *

ಆಯುಧ ಪೂಜೆಯ ದಿನ ಬೀದಿಯಲ್ಲಿ ಮಗ್ಗ, ಲಾಳಿ, ಕತ್ತರಿ, ತಕ್ಕಡಿ ಎಲ್ಲಕ್ಕೂ ಬೊಟ್ಟು ಬೀಳುತ್ತದೆ. ಅನ್ನ ಕೊಡುವ ವಸ್ತು ಅಂದರೆ ಆಯುಧ. ಆ ಬೊಟ್ಟನ್ನು ಒರೆಸುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಅದು ತಾನಾಗಿ ಒಣಗಿ ಉದುರಬೇಕು. ಯಾವ ತಾತನ ಕಾಲದ ಕಟ್ಟಳೆಯೋ, ಈಗಲೂ ಯಾರೂ ಮುರಿದಿಲ್ಲ.

ಈ ಸಲ ಶ್ರೀಪ್ರಿಯಾ ಹಬ್ಬಕ್ಕೆ ಬಂದವಳು ಇದೇ ಅಂಗಡಿಯಲ್ಲಿ ಬೀದಿಯವರನ್ನೆಲ್ಲ ಕೂರಿಸಿ ಪಾಠ ಹೇಳಿದ್ದಳು. ದುಡ್ಡು ತಗೊಳ್ಳೋಕೆ ಯಾರೂ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಕಟ್ಟುವವರ ಫೋನಿನಲ್ಲಿ ಬರುವ ಹೆಸರನ್ನು ಓದಿಸಿ. ಅವರ ಟಿಕ್ ನಂಬಬೇಡಿ, ನಿಮ್ಮ ಮೆಸೇಜ್ ನೋಡಿ. ಎಲ್ಲರೂ ತಲೆಯಾಡಿಸಿದ್ದರು, ಆಕಳಿಸಿದ್ದರು. ಆಗ ಅವಳಿಗೊಂದು ಉಪಾಯ ಹೊಳೆದಿತ್ತು.

"ಕೋಡಿಗೂ ಬೊಟ್ಟಿಡಿ! ಯಾರಾದ್ರೂ ಅದ್ರ ಮೇಲೆ ಬೇರೆ ಅಂಟಿಸಿದ್ರೆ ಬೊಟ್ಟು ಕಾಣಲ್ಲ. ಆಗ ಗೊತ್ತಾಗ್ತದೆ."

ಜನ ಚಪ್ಪಾಳೆ ತಟ್ಟಿದ್ದರು. ಅವಳ ಎದೆ ಉಬ್ಬಿತ್ತು. ಉಳಿದ ಮಾತೆಲ್ಲ ಗಾಳಿಗೆ ಹೋಗಿ ಬೊಟ್ಟು ಒಂದೇ ಉಳಿಯಿತು.

"ದಿನಾ ಬೆಳಿಗ್ಗೆ ನೋಡ್ತಿದ್ದೆ," ಅಂದರು ಸರಸ್ವತಮ್ಮ. "ಬೊಟ್ಟಿದೆ, ಸರಿಯಾಗಿದೆ ಅಂತ ನೆಮ್ಮದಿ. ಹೆಸರು ಕೇಳ್ಲೇ ಇಲ್ಲ."

ಮೇಜಿನ ಪಕ್ಕದ ಗೋಡೆಯಲ್ಲಿ ಎಚ್ಚರಿಕೆಯ ನೋಟಿಸ್ ಇತ್ತು. ಏಳು ಸಾಲು, ಮೇಲೆ ಯೂನಿಫಾರ್ಮಿನಲ್ಲಿ ಅವಳದೇ ಫೋಟೋ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಅವಳಿಗೆ ಆ ಫೋಟೋ ನೋಡಲಾಗಲಿಲ್ಲ.

ಸ್ಟಿಕ್ಕರನ್ನು ಬೊಟ್ಟಿಗೆ ಬೆರಳು ತಾಗದ ಹಾಗೆ ಹಿಡಿದು ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಪೊಲೀಸಾದರೇನು, ಅದೇ ಬೀದಿಯ ಹುಡುಗಿ.

* * *

ಮೊದಲ ಅನುಮಾನ ಸ್ಪೀಕರ್ ಪೆಟ್ಟಿಗೆ ಕೊಟ್ಟುಹೋದ ಏಜೆಂಟ್ ಮೋಹನ್ ರಾಜ್ ಮೇಲೆ. ಕೋಡಿನ ಸ್ಟ್ಯಾಂಡನ್ನು ಮುಟ್ಟಿ ತಿರುಗಿಸಿದ ಹೊರಗಿನವನು ಅವನೊಬ್ಬನೇ.

"ಯಾವತ್ತು ಬಂದಿದ್ದ?"

"ಹಬ್ಬಕ್ಕೆ ಒಂದು ವಾರ ಮುಂಚೆ. ಆಮೇಲೆ ಸೇಲಂಗೆ ವರ್ಗ ಆಯ್ತಂತೆ."

ಹಾಗಾದರೆ ಅವನಲ್ಲ. ಕೆಳಗಿನ ಅಸಲಿ ಕೋಡಿಗೆ ಬೊಟ್ಟಿದೆ. ಅಂದರೆ ನಕಲಿ ಬಿದ್ದದ್ದು ಹಬ್ಬದ ನಂತರ. ನಕಲಿಗೂ ಬೊಟ್ಟಿದೆ. ಅಂದರೆ ಕಳ್ಳನಿಗೆ ಬೊಟ್ಟಿನ ಉಪಾಯ ಗೊತ್ತು. ಅವಳ ಪಾಠ ಕೇಳಿದವನೇ, ಇಲ್ಲಾ ಕೇಳಿದವರಿಂದ ತಿಳಿದವನೇ.

ನಕಲಿ ಕೋಡ್ ಸ್ಕ್ಯಾನ್ ಮಾಡಿದರೆ ರಾಮಾತಾಳ್ ಎಂಬ ಹೆಸರು ಬಂತು. ಪೊಳ್ಳಾಚಿಯಿಂದಲೋ ಪಳನಿಯಿಂದಲೋ ಬಂದು ಸೀರೆ ಕೊಂಡವರು ಅಂಗಡಿಯಮ್ಮನ ಹೆಸರೇ ಅದಿರಬೇಕು ಅಂದುಕೊಂಡು ಕಟ್ಟಿಹೋಗಿದ್ದರು.

ಅವಳ ಇನ್‌ಸ್ಪೆಕ್ಟರ್ ಸೆಂದಿಲ್‌ಕುಮಾರ್ ದೂರು ಬರೆದುಕೊಂಡರು. "ಸ್ವಂತ ಮನೆ ಕೇಸಮ್ಮಾ. ನೀನು ದೂರ ಇರು."

"ಭಾನುವಾರದವರೆಗೆ ಬಿಡಿ ಸಾರ್. ಚಿಕ್ಕಮ್ಮನ ಮಾನ ಇದೆ."

ಅವರು ನಿಟ್ಟುಸಿರು ಬಿಟ್ಟು ಖಾತೆಯ ವಿಳಾಸ ತರಿಸಿಕೊಟ್ಟರು. ಮಡತ್ತುಕುಳಂ. ದುಡ್ಡೆಲ್ಲ ಬೇರೆ ಬೇರೆ ಊರಿನ ಎಟಿಎಂಗಳಲ್ಲಿ ಖಾಲಿಯಾಗಿತ್ತು. ಕ್ಯಾಮೆರಾದಲ್ಲಿ ನೋಡಿದರೆ, ತೆಗೆದವನ ತಲೆಗೆ ಹೆಲ್ಮೆಟ್.

* * *

ಶುಕ್ರವಾರ ಬೆಳಿಗ್ಗೆ ಮಡತ್ತುಕುಳಂನಲ್ಲಿ ತೆಂಗಿನ ಮಟ್ಟೆಯ ರಾಶಿಯ ಪಕ್ಕ ಒಬ್ಬ ಅಜ್ಜಿ ಕೂತಿದ್ದಳು. ಅವಳೇ ರಾಮಾತಾಳ್. ಪೊಲೀಸ್, ನೆಗಮಂ ಕೇಸು ಅಂದಕೂಡಲೇ ಎದ್ದು ಕೈಮುಗಿದಳು. ತಮಿಳಿನಲ್ಲಿ ಹೇಳಿದ್ದು ಇಷ್ಟು.

"ಉಡುಮಲೈಗೆ ಹೋಗಿದ್ದೆ ತಾಯಿ, ಪೆನ್ಷನ್ ಅರ್ಜಿ ಹಾಕೋಕೆ. ಜೆರಾಕ್ಸ್ ಅಂಗಡಿ ತಂಬಿ ಹೊಸ ಖಾತೆ ಬೇಕು ಅಂದ. ಬೆರಳು ಇಡಿಸ್ಕೊಂಡ. ಕಾರ್ಡು, ಸಿಮ್ಮು ಅವನ ಹತ್ರನೇ ಇದೆ. ಪೆನ್ಷನ್ ಬಂದಾಗ ಕೊಡ್ತೀನಿ ಅಂದಿದಾನೆ. ಒಳ್ಳೇ ಹುಡುಗ. ಟೀ ಕುಡಿಸಿದ."

"ಯಾವ ಅಂಗಡಿ?"

"ಕಣ್ಣು ಸರಿಯಾಗಿ ಕಾಣಲ್ಲ ತಾಯಿ. ಬಸ್ ಇಳಿದು ಯಾರೋ ಕೈಹಿಡಿದು ಬಿಟ್ಟರು."

ಉಡುಮಲೈಪೇಟೆಯಲ್ಲಿ ಅಂಥ ಅಂಗಡಿ ನೂರಿವೆ ಅಂದುಕೊಂಡಳು ಶ್ರೀಪ್ರಿಯಾ. ಆ ಮಾತನ್ನು ಅಲ್ಲೇ ಬಿಟ್ಟಳು. ಯಾಕೆಂದರೆ ಅಷ್ಟರಲ್ಲಿ ಅಜ್ಜಿ ಎದುರುಮನೆ ತೋರಿಸಿ, "ನೆಗಮಂನಿಂದಲಾ ಬಂದೆ? ಈ ಮನೆ ಅಳಿಯ ಕುಮರೇಶನ್ ಅಲ್ಲೇ ತಾನೆ ಇರೋದು?" ಅಂದುಬಿಟ್ಟಿದ್ದಳು.

ಕುಮರೇಶನ್! ನೇಕಾರರ ಮನೆಗಳಿಂದ ಸೀರೆ ಹೊತ್ತು ಅಂಗಡಿಗೆ ತರುವವನು. ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸುವವನು. ಪಾಠದ ದಿನ ಮುಂದಿನ ಸಾಲಿನಲ್ಲೇ ಕೂತಿದ್ದವನು. ಅವಳ ಲೆಕ್ಕ ಥಟ್ಟನೆ ಕೂಡಿತು. ಸುಲಭವಾಗಿ ಕೂಡುವ ಲೆಕ್ಕವನ್ನು ಇನ್ನೊಂದು ಸಲ ಕೂಡಿ ನೋಡಬೇಕು ಅನ್ನುವುದು ಅವಳು ಬೇರೆಯವರಿಗೆ ಹೇಳಿಕೊಡುತ್ತಿದ್ದ ಪಾಠ.

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲೇ ಅವನನ್ನು ನಿಲ್ಲಿಸಿದಳು. ಎದುರಿನ ಟೀ ಅಂಗಡಿಯಲ್ಲಿ ಬಸ್ಸಿಗೆ ಕಾಯುವ ಜನ. ಚಿಕ್ಕಂದಿನಿಂದ ಅವನನ್ನು ಕುಮರೇಶಣ್ಣ ಎಂದು ಕನ್ನಡದಲ್ಲಿ ಕರೆದವಳು ಅವತ್ತು ಠಾಣೆಯ ತಮಿಳಿಗೆ ಹೊರಳಿದಳು. ಏಕವಚನ.

"ರಾಮಾತಾಳ್ ಯಾರು? ಗೊತ್ತಿಲ್ಲ ಅನ್ಬೇಡ. ನಿನ್ನ ಮಾವನ ಮನೆ ಎದುರು ಇದಾಳೆ. ಕಾರ್ಡ್ ಎಲ್ಲಿ? ಜೇಬು ತೆಗೆ!"

ಟೀ ಅಂಗಡಿಯವರೆಲ್ಲ ಇತ್ತ ತಿರುಗಿದರು. ಕುಮರೇಶನ್ ಅವಳ ಮುಖವನ್ನೇ ನೋಡಿದ. ಆಮೇಲೆ ಅಂಗಿಯ ಜೇಬಿನ ಒಳಮೈ ಹೊರಗೆಳೆದು ತೋರಿಸಿದ. ಒಂದು ಬಸ್ ಟಿಕೆಟ್, ನೂಲಿನ ತುಂಡು, ಬೀಡಿ.

"ಇಷ್ಟೇ ಇರೋದು," ಅಂದ. ಕನ್ನಡದಲ್ಲೇ ಅಂದ. ತಲೆಯ ಮೇಲಿನ ಸೀರೆ ಗಂಟನ್ನು ಇಳಿಸಿ ಮೆಟ್ಟಿಲ ಮೇಲಿಟ್ಟು ನಡೆದುಹೋದ.

ಸರಸ್ವತಮ್ಮ ಮುಖಕ್ಕೆ ಸೆರಗು ಒತ್ತಿಕೊಂಡರು. "ಅವ್ನಲ್ಲ ಅಮ್ಮುಣಿ. ಅವ್ನಿಗೆ ಫೋನಲ್ಲಿ ಫೋಟೋ ತೆಗ್ಯೋಕೂ ಬರಲ್ಲ."

"ಎಲ್ಲಾ ಕಳ್ಳರ ಮನೆಯವ್ರೂ ಹಂಗೇ ಹೇಳೋದು ಚಿಕ್ಕಮ್ಮ," ಅಂದಳು ಶ್ರೀಪ್ರಿಯಾ. ಮರುದಿನವೇ ಆ ಮಾತು ಅವಳಿಗೇ ತಿರುಗಿ ಬಡಿಯಲಿತ್ತು.

* * *

ಶನಿವಾರ ಬೆಳಿಗ್ಗೆ ಅವಳು ಸ್ಟ್ಯಾಂಡನ್ನೂ ಕವರನ್ನೂ ಚಿಕ್ಕಮ್ಮನ ಅಡುಗೆಮನೆ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟಳು. ಪಕ್ಕದ ಮನೆಗಳ ಮಗ್ಗಗಳು ಲಟಪಟ ಸದ್ದು ಶುರುಮಾಡಿದ್ದವು.

ಸ್ಟ್ಯಾಂಡ್ ಇಟ್ಟ ಕಡೆ ಕಟ್ಟೆಯ ಮೇಲೆ ಚಿಟಿಕೆ ಕೆಂಪು ಉದುರಿತು. ಒಣಗಿದ ಬೊಟ್ಟಲ್ಲವೇ, ಉದುರುತ್ತದೆ. ನಕಲಿ ಸ್ಟಿಕ್ಕರಿನ ಹಿಂಬದಿಯ ಅಂಟಿಗೂ ಆ ಬೊಟ್ಟಿನ ಪುಡಿ ಮೆತ್ತಿತ್ತು. ಆದರೆ ಸ್ಟಿಕ್ಕರಿನ ಮೇಲ್ಬದಿ? ಎರಡು ದಿನ ಅವಳ ಚೀಲದಲ್ಲಿ ಕುಲುಕಾಡಿತ್ತು. ಬಸ್ಸಿನಲ್ಲಿ, ಆಟೋದಲ್ಲಿ. ಆ ಬೊಟ್ಟಿನಿಂದ ಕವರಿನೊಳಗೆ ಒಂದು ಕಣವೂ ಬಿದ್ದಿರಲಿಲ್ಲ.

ಅವಳು ಕೈ ಚಾಚಿದಳು. ತಡೆದಳು. ಮತ್ತೆ ಚಾಚಿದಳು. ಹುಟ್ಟಿದ ಮೇಲೆ ಮೊದಲ ಸಲ ಆಯುಧ ಪೂಜೆಯ ಬೊಟ್ಟನ್ನು ಬೆರಳಿನಿಂದ ಉಜ್ಜಿದಳು.

ಬೆರಳಿಗೆ ಒಂದಿಷ್ಟೂ ಕೆಂಪು ಅಂಟಲಿಲ್ಲ.

ಅದು ಕುಂಕುಮವಲ್ಲ. ಕುಂಕುಮದ ಚಿತ್ರ. ಕೋಡಿನ ಜತೆಗೇ ಪ್ರಿಂಟ್ ಆದದ್ದು. ಮುಟ್ಟಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಯಾರೂ ಮುಟ್ಟುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಕಳ್ಳ ಅದನ್ನು ಅಂಟಿಸಿದ್ದ.

ಅವಳು ಬಗ್ಗಿ ನೋಡಿದಳು. ಚಿತ್ರದ ಬೊಟ್ಟಿನಲ್ಲಿ ಗಂಧ ಇನ್ನೂ ಹಸಿ. ಹೊಳೆಯುತ್ತಿದೆ. ಎಡಗಡೆ ಒಂದು ತೊಟ್ಟು ಕೆಳಗೆ ಇಳಿದಿದೆ. ಅಸಲಿ ಬೊಟ್ಟಿಗೆ ಆ ತೊಟ್ಟಿಲ್ಲ.

"ಚಿಕ್ಕಮ್ಮ, ಬೊಟ್ಟಿಟ್ಟಾಗ ಗಂಧ ಸುರೀತಾ?"

"ಹೂಂ, ನೀರಾಗಿತ್ತು. ಬೊಟ್ಟು ಮುಟ್ಟದೆ, ಸುರಿದಷ್ಟನ್ನ ತಕ್ಷಣ ಸೆರಗಲ್ಲಿ ಒರೆಸ್ದೆ. ನೀನು ಫೋಟೋ ತೆಗ್ದ್ಯಲ್ಲ, ಅದಾದ ಕೂಡ್ಲೇ." ಅವರು ಸ್ಟಿಕ್ಕರನ್ನು ಕಣ್ಣಿನ ಹತ್ತಿರ ಹಿಡಿದರು. "ಅಯ್ಯೋ, ಇದ್ರಲ್ಲಿ ತೊಟ್ಟಿದೆ! ನಾನು ಬೊಟ್ಟು ಇದೆಯಾ ಅಂತ ನೋಡ್ದೆ. ಹೆಂಗಿದೆ ಅಂತ ನೋಡ್ಲಿಲ್ಲ."

ಶ್ರೀಪ್ರಿಯಾಳ ಕೈ ಫೋನಿಗೆ ಹೋಯಿತು. ಆಯುಧ ಪೂಜೆ, ಬೆಳಿಗ್ಗೆ ಹತ್ತು ಇಪ್ಪತ್ತು. ಹಸಿ ಗಂಧ. ಎಡಗಡೆಗೆ ಇಳಿದ ತೊಟ್ಟು. ಒರೆಸುವ ಮೊದಲಿನ ಆ ಅರೆಗಳಿಗೆ ಲೋಕದಲ್ಲಿ ಇದ್ದದ್ದು ಅವಳ ಫೋನಿನಲ್ಲಿ ಮಾತ್ರ.

ಅವಳು ಅದನ್ನು ಕಳಿಸಿದ್ದು ಒಬ್ಬನಿಗೆ. "ಮಾಧವ್, ನೋಟಿಸಲ್ಲಿ ಇದನ್ನೂ ಹಾಕು." ಉತ್ತರ ಕೆಳಗೇ ಇತ್ತು. "ಫೋಟೋ ಕ್ಲಿಯರ್ ಇಲ್ಲ ಅಕ್ಕ, ಬಿಟ್ಬಿಟ್ಟೆ."

ಮಾಧವ್ ಅವಳ ತಮ್ಮ. ಉಡುಮಲೈಪೇಟೆಯಲ್ಲಿ ಜೆರಾಕ್ಸ್ ಮತ್ತು ಸ್ಟಿಕ್ಕರ್ ಪ್ರಿಂಟಿಂಗ್ ಅಂಗಡಿ.

ನೋಟಿಸನ್ನು ಅವನೇ ತಂದು ಆ ಗೋಡೆಗೆ ಅಂಟಿಸಿದ್ದ. ಹಬ್ಬದ ಮೂರನೇ ದಿನ.

ಅವಳು ಅಡುಗೆಮನೆಯ ನೆಲದಲ್ಲಿ ಕೂತುಬಿಟ್ಟಳು. ಉಡುಮಲೈ, ಜೆರಾಕ್ಸ್, ತಂಬಿ ಅಂತ ಅಜ್ಜಿ ನಿನ್ನೆಯೇ ಹೇಳಿದ್ದಳು. ಕಿವಿ ಇತ್ತು, ಕೇಳಿಸಿಕೊಳ್ಳಲಿಲ್ಲ. ಬಡವನ ಜೇಬು ಕಾಣಿಸಿತು, ತಮ್ಮನ ಅಂಗಡಿ ಕಾಣಲಿಲ್ಲ.

* * *

ಉಡುಮಲೈಪೇಟೆಯ ಅಂಗಡಿಯಲ್ಲಿ ಇಂಕಿನ ವಾಸನೆ. ಮಾಧವ್ ಮದುವೆಯ ಬ್ಯಾನರ್ ಕತ್ತರಿಸುತ್ತಿದ್ದ. ಅಕ್ಕನನ್ನು ಕಂಡು ನಕ್ಕ. ಅವಳು ಮಾತಾಡದೆ ಕವರನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ತನ್ನ ಫೋನ್.

"ತೊಟ್ಟು ನೋಡು," ಅಂದಳು.

ಅವನ ನಗು ಹಾಗೇ ನಿಂತಿತು.

"ಚಿಕ್ಕಮ್ಮ ಅದನ್ನ ಒರೆಸಿದ್ರು. ಅಸಲಿಲಿ ಇಲ್ಲ. ನಾನು ಕಳಿಸಿದ ಫೋಟೋಲಿ ಮಾತ್ರ ಇದೆ. ರಾಮಾತಾಳ್ ಕಾರ್ಡ್ ಎಲ್ಲಿಟ್ಟಿದೀಯಾ?"

ಅವನು ಕತ್ತರಿ ಕೆಳಗಿಟ್ಟ. ಡ್ರಾಯರ್ ತೆಗೆದ. ಕಾರ್ಡು, ಸಿಮ್ಮು ಮೇಜಿನ ಮೇಲೆ ಬಂದವು. ವಾದ ಮಾಡಲೇ ಇಲ್ಲ.

"ಯಾಕೋ?"

"ನಿನ್ನ ನೋಟಿಸಲ್ಲಿ ಮೂರನೇ ಸಾಲು ಏನಕ್ಕ?"

ಅವಳಿಗೆ ನೆನಪಿತ್ತು. ಫೋನಿನಲ್ಲಿ ದುಪ್ಪಟ್ಟು ಲಾಭ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ.

"ಅದು ನನ್ಗೆ ಆಷಾಢದಲ್ಲೇ ಆಗಿತ್ತು. ಮೂರು ಲಕ್ಷ. ಮಿಶಿನ್ ಸಾಲದ ದುಡ್ಡು. ಆ ಸಾಲನ್ನ ನಾನೇ ಟೈಪ್ ಮಾಡ್ದೆ, ನಾನೇ ಪ್ರಿಂಟ್ ಹಾಕ್ದೆ."

"ನನ್ಗೆ ಯಾಕೆ ಹೇಳ್ಲಿಲ್ಲ? ನಾನು ಅದೇ ಕೆಲ್ಸದಲ್ಲಿ ಇದೀನಲ್ಲೋ!"

"ಅದ್ಕೇ ಹೇಳ್ಲಿಲ್ಲ." ಅವನು ತಲೆಯೆತ್ತಲಿಲ್ಲ. "ಯುಗಾದಿ ಊಟದಲ್ಲಿ ನೀನು ಒಬ್ಬ ಮೇಷ್ಟ್ರು ಏಮಾಂದ ಕತೆ ಹೇಳ್ದೆ. ಓದಿದೋರೇ ಇಷ್ಟು ಮಂಕಾ ಅಂತ ನಕ್ಕೆ. ಎಲ್ಲಾರೂ ನಕ್ರು. ನಾನೂ ನಕ್ಕೆ. ಮೂರು ತಿಂಗಳಾದ್ಮೇಲೆ ನಾನೇ ಆ ಮೇಷ್ಟ್ರಾದೆ. ನಿನ್ನ ಮುಂದೆ ಹೆಂಗಕ್ಕ ನಿಲ್ಲೋದು?"

"ಚಿಕ್ಕಮ್ಮನ ಹೊಟ್ಟೆ ಮೇಲೆ ಹೊಡೆಯೋದು ಸುಲಭ ಆಯ್ತಾ?"

"ಒಂದು ವಾರ ಅಂದ್ಕೊಂಡೆ. ಆಮೇಲೆ ಸ್ಟಿಕ್ಕರ್ ತೆಗೆಯೋಕೆ ಹೋದ್ರೆ ಅಂಗಡಿ ತುಂಬಾ ಜನ." ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡ. "ನಿನ್ನೆ ಕುಮರೇಶಣ್ಣನ ಜೇಬು ನೋಡ್ದೆಯಂತೆ. ಕೇಳಿದಾಗಿಂದ ಊಟ ಸೇರಿಲ್ಲ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನ ತಲೆ ನೇವರಿಸಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಸೆಂದಿಲ್‌ಕುಮಾರ್‌ಗೆ ಫೋನ್ ಮಾಡಿದಳು.

"ಸಾರ್, ಕಳ್ಳ ಸಿಕ್ಕಿದಾನೆ. ನೀವೇ ಬನ್ನಿ. ನಾನು ಅವನ ಅಕ್ಕ."

* * *

ಭಾನುವಾರ ಗುಡಿಯ ಮಂಟಪದಲ್ಲಿ ಹನ್ನೊಂದು ಮನೆಯವರೂ ಕೂತಿದ್ದರು. ಬೀದಿಯ ಹಿರಿಯರು ಕುಪ್ಪುಸಾಮಿ. ಅವರು ಬಾಯಿ ತೆರೆಯುವ ಮೊದಲೇ ಸರಸ್ವತಮ್ಮ ಸೊಂಟದ ಬೀಗದ ಕೈ ತೆಗೆದು ಅವರ ಮುಂದೆ ಇಟ್ಟರು.

ಶ್ರೀಪ್ರಿಯಾ ಎದ್ದು ನಿಂತಳು. ಎರಡು ಬೊಟ್ಟುಗಳನ್ನೂ ತೋರಿಸಿದಳು. ಉದುರಿದ ಕುಂಕುಮ, ಉದುರದ ಕುಂಕುಮ, ಇಳಿದ ತೊಟ್ಟು, ತನ್ನ ಫೋನು, ತಮ್ಮನ ಅಂಗಡಿ, ಯಾವುದನ್ನೂ ಬಿಡದೆ ಹೇಳಿದಳು. ಬಚ್ಚಿಡಬಹುದಾದದ್ದನ್ನೂ ಹೇಳಿದಳು.

"ಬೊಟ್ಟಿನ ಉಪಾಯ ನಂದು. ಅದನ್ನ ನಂಬಿ ನೀವು ಹೆಸರು ಕೇಳೋದು ಬಿಟ್ರಿ. ಫೋಟೋ ಕಳ್ಸಿದ್ದು ನಾನು. ಏಮಾಂದೋರನ್ನ ನೋಡಿ ನಕ್ಕಿದ್ದೂ ನಾನೇ. ಅದ್ಕೇ ನನ್ನ ತಮ್ಮ ಹೇಳ್ಲಿಲ್ಲ, ಚಿಕ್ಕಮ್ಮ ಮೂರು ದಿನ ಹೇಳ್ಲಿಲ್ಲ. ಅವನು ಈಗ ಠಾಣೇಲಿದಾನೆ. ದುಡ್ಡಿಗೆ ಅವನ ಮಿಶಿನ್ ಮಾರ್ತೀವಿ. ಸಾಲದಿದ್ರೆ ನಾನು ಕೊಡ್ತೀನಿ."

ಕುಪ್ಪುಸಾಮಿ ಬೀಗದ ಕೈಯನ್ನು ಎತ್ತಿ ಸರಸ್ವತಮ್ಮನ ಕೈಗೆ ಕೊಟ್ಟರು. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ. ಅಂಗೈಯಲ್ಲಿ ಹಿಡಿದುಕೊಂಡು ಅಳುತ್ತಾ ಕೂತರು. ತಾವು ಎತ್ತಿ ಬೆಳೆಸಿದ ಮಗುವಲ್ಲವೇ ಅವನು.

ಶ್ರೀಪ್ರಿಯಾ ಕಂಬದ ಹತ್ತಿರ ನಿಂತಿದ್ದ ಕುಮರೇಶನ್ ಎದುರಿಗೆ ಹೋಗಿ ಕೈಮುಗಿದಳು.

"ಕುಮರೇಶಣ್ಣ, ತಪ್ಪಾಯ್ತು. ಕ್ಷಮಿಸ್ಬಿಡಿ."

"ಇಲ್ಲಿರೋರಿಗೆ ನಾನು ಕಳ್ಳನಲ್ಲ ಅಂತ ಮೊದ್ಲೇ ಗೊತ್ತಿತ್ತು, ಅಮ್ಮುಣಿ," ಅಂದ. ಕೋಪವಿರಲಿಲ್ಲ. "ನೀನು ಕೇಳಿದ್ದು ರೋಡಲ್ಲಿ. ತಮಿಳಲ್ಲಿ. ಟೀ ಅಂಗಡಿಲಿ ಇದ್ದೋರು ಯಾರೂ ಈ ಮಂಟಪದಲ್ಲಿಲ್ಲ. ಮನೆ ಒಳಗೆ ಕನ್ನಡದಲ್ಲಿ ಕ್ಷಮೆ ಕೇಳಿದ್ರೆ ಅವ್ರಿಗೆ ಹೆಂಗೆ ಕೇಳ್ಸುತ್ತೆ?"

ಇದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶ್ರೀಪ್ರಿಯಾಳಿಗೆ.

"ಬನ್ನಿ ಅಣ್ಣ," ಅಂದಳು.

ಇಬ್ಬರೂ ಬೀದಿ ಇಳಿದು ನಡೆದರು. ಟೀ ಅಂಗಡಿಯಲ್ಲಿ ಭಾನುವಾರದ ಜನ. ಪೊಳ್ಳಾಚಿ ಬಸ್ಸಿಗೆ ಕಾಯುವವರು, ಶುಕ್ರವಾರ ನೋಡಿದವರು, ನೋಡದಿದ್ದರೂ ಕೇಳಿ ತಿಳಿದವರು. ಟೀ ಅಂಗಡಿಯ ಕನ್ನಿಯಮ್ಮಾಳ್ ಕುಮರೇಶನ್‌ನನ್ನು ಕಂಡು ಲೋಟ ತೊಳೆಯುವ ನೆಪದಲ್ಲಿ ಮುಖ ತಿರುಗಿಸಿದಳು.

ಶ್ರೀಪ್ರಿಯಾ ಬೆಂಚಿನ ಪಕ್ಕ ನಿಂತಳು. ಎಷ್ಟೋ ಕಾಲೇಜಿನಲ್ಲಿ, ಎಷ್ಟೋ ವೇದಿಕೆಯಲ್ಲಿ ಸಲೀಸಾಗಿ ಹರಿದ ತಮಿಳು ಅವತ್ತು ಬಾಯಿಗೆ ತಡವಾಗಿ ಬಂತು.

"ಒಂದು ನಿಮಿಷ ಎಲ್ಲರೂ ಕೇಳಿ," ಅಂದಳು ತಮಿಳಿನಲ್ಲಿ, ರಸ್ತೆಗೆ ಕೇಳುವ ಹಾಗೆ. "ಮೊನ್ನೆ ನಾನು ಇಲ್ಲೇ ಇವರ ಜೇಬು ತೆಗೆಸಿದೆ. ಇವರು ಕದ್ದಿಲ್ಲ. ಕದ್ದವನು ನನ್ನ ತಮ್ಮ."

ಪೊಳ್ಳಾಚಿ ಬಸ್ಸು ಬಂದು ನಿಂತಿತು. ಯಾರೂ ಹತ್ತಲಿಲ್ಲ. ಕನ್ನಿಯಮ್ಮಾಳ್ ಲೋಟ ಒರೆಸಿ, ಟೀ ಬಗ್ಗಿಸಿ, ಕುಮರೇಶನ್‌ಗೆ ಮೊದಲು ಕೊಟ್ಟಳು.